ದೊಡ್ಡಪ್ಪನ ಟಾರು ರಸ್ತೆ

ನಮ್ಮ ದೊಡ್ಡಪ್ಪನಿಗೆ ಮಕ್ಕಳಿಲ್ಲ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಒಂದಿದೆ! ಮೈಬಣ್ಣ ಕಪ್ಪು. ಗೇಟಿನ ಕಡೆಗೆ ಕಾಲು ಚಾಚಿ, ಮನೆಯ ಮೆಟ್ಟಿಲಿಗೆ ತಲೆಯಿಟ್ಟು, ನಡುವೆ ಒಂದು ಕಡೆ ಸೊಂಟ ಬಳುಕಿಸಿ ಮಲಗಿದೆ. ಎದ್ದು ಓಡಾಡಿದ್ದನ್ನು ಯಾರೂ ಕಂಡಿಲ್ಲ. ಬಿಸಿಲು ಹೆಚ್ಚಾದರೆ ಮೆತ್ತಗಾಗುತ್ತದೆ, ಮಳೆ ಹೆಚ್ಚಾದರೆ ಮೈಯೆಲ್ಲ ಹಾವಸೆ, ಎರಡೂ ಸಾಲದೆಂದು ಚಳಿಗೆ ಬಿರುಕು. ಇಷ್ಟು ಸೂಕ್ಷ್ಮ ಪ್ರಕೃತಿಯ ಕೂಸನ್ನು ದೊಡ್ಡಪ್ಪ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದಾರೆ. ಊರಿನವರು ಅದನ್ನು ಬರೀ ಟಾರು ರಸ್ತೆ ಎನ್ನುತ್ತಾರೆ. ಊರಿನವರಿಗೇನು, ಏನು ಬೇಕಾದರೂ ಅನ್ನಬಹುದು.

ನಾನು ಅವರ ತಮ್ಮನ ಮಗಳು. ಅಪ್ಪ, ದೊಡ್ಡಪ್ಪ ಇಬ್ಬರದೂ ಒಂದೇ ಮನೆ, ಒಂದೇ ಒಲೆ. ಹಾಗಾಗಿ ಈ ಟಾರಿಗೂ ನನಗೂ ಒಂದು ರೀತಿಯಲ್ಲಿ ಒಡಹುಟ್ಟಿದವರ ಸಂಬಂಧ. ಒಡಹುಟ್ಟಿದವರ ನಡುವೆ ಇರಬೇಕಾದ ಹೊಟ್ಟೆಕಿಚ್ಚೂ ತಕ್ಕಮಟ್ಟಿಗೆ ಇತ್ತು. ಚಿಕ್ಕವಳಿದ್ದಾಗ ಸೈಕಲ್ಲಿನಿಂದ ಬಿದ್ದು, ಮೊಣಕಾಲು ತರಚಿಕೊಂಡು ಅಳುತ್ತ ಬಂದರೆ ದೊಡ್ಡಪ್ಪ ಮೊದಲು ಕೇಳುತ್ತಿದ್ದದ್ದು, “ಎಲ್ಲಿ ಬಿದ್ದೆ?” ಎಂದು. ಟಾರಿನ ಮೇಲೆ ಎಂದರೆ ಚಪ್ಪಲಿ ಮೆಟ್ಟಿಕೊಂಡು ಹೋಗಿ ಆ ಜಾಗವನ್ನು ಕೂಲಂಕಷವಾಗಿ ನೋಡಿ ಬರುತ್ತಿದ್ದರು. ಆಮೇಲೆ ನನ್ನ ತಲೆ ಸವರಿ, “ಅಳ್ಬೇಡ, ಏನೂ ಆಗಿಲ್ಲ” ಎನ್ನುತ್ತಿದ್ದರು. ಯಾರಿಗೆ ಏನೂ ಆಗಿಲ್ಲ ಎಂಬುದನ್ನು ಮಾತ್ರ ಬಿಡಿಸಿ ಹೇಳುತ್ತಿರಲಿಲ್ಲ!

ಈ ಕೂಸು ಹುಟ್ಟಿದ್ದೇ ಒಂದು ಕಥೆ. ನಮ್ಮ ಮನೆಯಿರುವುದು ಬಾಳೂರಿನ ಕಡೆ, ದೊಡ್ಡ ರಸ್ತೆಯಿಂದ ಸ್ವಲ್ಪ ಏರು ಹತ್ತಿದರೆ. ಮೊದಲು ಆ ಏರು ಬರೀ ಕೆಂಪು ಮಣ್ಣು. ಮಳೆಗಾಲದಲ್ಲಿ ಜೀಪು ಅದನ್ನು ಹತ್ತುತ್ತಿರಲಿಲ್ಲ, ಈಜುತ್ತಿತ್ತು. ಚಕ್ರಕ್ಕೆ ಸರಪಳಿ ಸುತ್ತಿದರೂ ಎಡಕ್ಕೆ ತಿರುಗಿಸಿದರೆ ಬಲಕ್ಕೆ ಹೋಗುತ್ತಿತ್ತು. ದೊಡ್ಡಮ್ಮ ಮದುವೆಯಾಗಿ ಬಂದ ದಿನ ಜೀಪು ಅರ್ಧ ದಾರಿಯಲ್ಲಿ ಹೂತುಹೋಗಿ, ಮದುಮಗಳು ರೇಷ್ಮೆ ಸೀರೆಯನ್ನು ಮೊಣಕಾಲಿಗೆತ್ತಿ ಕಟ್ಟಿ, ಕೈಯಲ್ಲಿ ಚಪ್ಪಲಿ ಹಿಡಿದು ಮನೆ ತುಂಬಿದರಂತೆ. ಹೊಸ್ತಿಲಲ್ಲಿ ಒದೆಯಲು ಸೇರಕ್ಕಿ ಇಟ್ಟಿದ್ದರಂತೆ. ಆ ಕೆಸರುಗಾಲು ನೋಡಿ ಅತ್ತೆಯೇ ಅದನ್ನು ಸರಕ್ಕನೆ ಪಕ್ಕಕ್ಕೆ ತೆಗೆದರಂತೆ. ದೊಡ್ಡಮ್ಮನ ತವರಿನವರಂತೂ ಮಳೆ ಶುರುವಾಯಿತೆಂದರೆ ಬರುವುದನ್ನೇ ಬಿಟ್ಟರು. “ನಿಮ್ಮ ದಾರಿ ಸರಿಯಾಗಲಿ, ಬರ್ತೀವಿ” ಎಂದು ಹೇಳಿ ಕಳಿಸುತ್ತಿದ್ದರು. ಬರದಿರಲು ಅದೆಷ್ಟು ಒಳ್ಳೆಯ ನೆಪ!

ದೊಡ್ಡಪ್ಪ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಇದ್ದರು. ಒಂದು ಬೇಸಿಗೆಯಲ್ಲಿ ದೊಡ್ಡ ರಸ್ತೆಗೆ ಟಾರು ಹಾಕಲು ರೋಲರ್ ಬಂದಿತು. ದೊಡ್ಡಪ್ಪ ಅಷ್ಟರೊಳಗೆ ತಮ್ಮದೇ ಜಲ್ಲಿ, ತಮ್ಮದೇ ಟಾರಿನ ಡ್ರಮ್ಮುಗಳನ್ನು ತರಿಸಿ, ಗೇಟಿನ ಪಕ್ಕ ಹೊಂಚುಹಾಕಿ ಕುಳಿತಿದ್ದರು. ರೋಲರ್ ಕೆಲಸ ಮುಗಿಸಿ ವಾಪಸು ಹೊರಟ ದಿನ ಅದನ್ನು ಕಡುಬು, ಕೋಳಿ ಸಾರಿನ ಬಲದಿಂದ ನಮ್ಮ ಗೇಟಿನೊಳಗೆ ತಿರುಗಿಸಿದರು. ದೊಡ್ಡಮ್ಮ ಅಂದು ಹೊರನಾಡಿಗೆ ದೇವರ ದರ್ಶನಕ್ಕೆ ಹೋಗಿದ್ದರು. ಮನೆಯ ಮೆಟ್ಟಿಲವರೆಗೆ ಟಾರು ಹಾಕಿದ ಮೇಲೂ ಡ್ರಮ್ಮಿನಲ್ಲಿ ಇನ್ನೂ ಉಳಿದಿತ್ತು. ಉಳಿದದ್ದನ್ನು ಏನು ಮಾಡುವುದು? ಅಂಗಳಕ್ಕೆ ಹಾಕಿದರು. ಅಂಗಳ ಮುಗಿದರೂ ಉಳಿದಿತ್ತು. ಬಚ್ಚಲಿನ ಕಡೆಗೆ ಹೋಗುವ ಹಾದಿಗೂ ಹಾಕಿದರು. ಸಂಜೆ ದೊಡ್ಡಮ್ಮ ಪ್ರಸಾದದ ಪೊಟ್ಟಣ ಹಿಡಿದು ಬಂದಾಗ ಮನೆಯ ಮುಂದೆ ಒಂದು ಹಿಡಿ ಮಣ್ಣು ಕಾಣುತ್ತಿರಲಿಲ್ಲ. ಕಪ್ಪು ಸಮುದ್ರದ ನಡುವೆ ತುಳಸಿಕಟ್ಟೆಯೊಂದು ನಡುಗಡ್ಡೆಯ ಹಾಗೆ ನಿಂತಿತ್ತು. ದೊಡ್ಡಮ್ಮ ಎಲ್ಲವನ್ನೂ ನೋಡಿ, ದೇವರಿಗೆ ಇನ್ನೊಮ್ಮೆ ಕೈಮುಗಿದು, “ಅಡುಗೆಮನೆ ಬಿಟ್ಟಿದೀರಲ್ಲ, ಅದೇ ಪುಣ್ಯ” ಎಂದರಂತೆ.

ಅಂದಿನಿಂದ ಶುರುವಾಯಿತು ಆರೈಕೆ. ಬೇರೆಯವರ ಮನೆಯ ಗೇಟಿನಲ್ಲಿ ‘ನಾಯಿಯಿದೆ ಎಚ್ಚರಿಕೆ’ ಎಂದು ಬರೆದಿರುತ್ತದೆ. ನಮ್ಮ ಗೇಟಿನಲ್ಲಿ ದಾರ ಕಟ್ಟಿದ ಹಲಗೆ ತುಂಡುಗಳು ತೂಗುತ್ತಿರುತ್ತವೆ. ಸ್ಕೂಟರಿನಲ್ಲೋ ಬೈಕಿನಲ್ಲೋ ಬಂದವರು ಒಂದೊಂದನ್ನು ತೆಗೆದುಕೊಳ್ಳಬೇಕು. ಗಾಡಿ ನಿಲ್ಲಿಸುವಾಗ ಸೈಡ್ ಸ್ಟ್ಯಾಂಡಿನ ಕೆಳಗೆ ಆ ಹಲಗೆಯನ್ನಿಡಬೇಕು. ಇಲ್ಲದಿದ್ದರೆ ಬಿಸಿಲಿಗೆ ಮೆತ್ತಗಾದ ಟಾರಿನಲ್ಲಿ ಸ್ಟ್ಯಾಂಡು ಇಳಿದು ಹೊಂಡ ಬೀಳುತ್ತದೆ. ಹೊಸಬರು ಇದೇನೋ ಹರಕೆಯಿರಬೇಕೆಂದುಕೊಂಡು ಹಲಗೆಯನ್ನು ಕಣ್ಣಿಗೊತ್ತಿಕೊಂಡದ್ದೂ ಉಂಟು! ನಮ್ಮ ತೋಟದ ಲೆಕ್ಕ ಬರೆಯುವ ರೈಟರು ಒಮ್ಮೆ ಅವಸರದಲ್ಲಿ ಬುಲೆಟ್ಟನ್ನು ಹಲಗೆಯಿಲ್ಲದೆ ನಿಲ್ಲಿಸಿ, ಒಳಗೆ ಬಂದು ಮಾತಿಗೆ ಕೂತರು. ಹೊರಗೆ ಬುಲೆಟ್ಟು ನಿಧಾನವಾಗಿ ಎಡಕ್ಕೆ ವಾಲಿ, ಕಡೆಗೆ ನಿದ್ದೆ ಬಂದವರಂತೆ ಮಲಗಿಯೇಬಿಟ್ಟಿತು. ದೊಡ್ಡಪ್ಪ ಎದ್ದು ಓಡಿದರು. ಗಾಡಿ ಎತ್ತಲೆಂದು ರೈಟರೂ ಹಿಂದೆಯೇ ಓಡಿದರು. ನೋಡಿದರೆ ದೊಡ್ಡಪ್ಪ ಬಿದ್ದ ಬುಲೆಟ್ಟನ್ನು ದಾಟಿಕೊಂಡು ಹೋಗಿ, ಟಾರಿನ ತೂತಿನೊಳಗೆ ಬೆರಳು ಹಾಕಿ ಆಳ ನೋಡುತ್ತಿದ್ದಾರೆ. ರೈಟರು ಆಮೇಲೆ ತಮ್ಮದೇ ಸ್ವಂತ ಹಲಗೆಯೊಂದನ್ನು ಬುಲೆಟ್ಟಿಗೆ ಕಟ್ಟಿಕೊಂಡು ಓಡಾಡುತ್ತಿದ್ದಾರೆ. ಮೂಡಿಗೆರೆ ಪೇಟೆಯಲ್ಲೂ ಅದನ್ನಿಟ್ಟೇ ಗಾಡಿ ನಿಲ್ಲಿಸುತ್ತಾರಂತೆ.

ನಮ್ಮ ಜೀಪಿನ ಪಾಡು ಇನ್ನೂ ಕಷ್ಟದ್ದು. ಅದು ಹಳೆಯ ಜೀಪು, ಎಣ್ಣೆ ಸೋರುತ್ತದೆ. ಡೀಸೆಲ್ಲೋ ಆಯಿಲ್ಲೋ ಬಿದ್ದಲ್ಲಿ ಟಾರು ಕರಗಿ ಜಲ್ಲಿ ಕಿತ್ತುಬರುತ್ತದೆ. ಹೊಸ ಜೀಪು ಕೊಳ್ಳೋಣವೆಂದರೆ ದೊಡ್ಡಪ್ಪನಿಗೆ ಹಳೆಯದರ ಮೇಲೂ ಅಕ್ಕರೆ. ಕಡೆಗೆ ಎಂಜಿನ್ನಿನ ಕೆಳಗೆ ತಗಡಿನ ತಟ್ಟೆಯೊಂದನ್ನು ತಂತಿಯಿಂದ ಬಿಗಿದು ಕಟ್ಟಿದರು. ಹೀಗೆ ಇಡೀ ಹೋಬಳಿಯಲ್ಲಿ ಲಂಗೋಟಿ ಕಟ್ಟಿಕೊಂಡು ಓಡಾಡುವ ಜೀಪು ನಮ್ಮದೊಂದೇ ಆಯಿತು. ಅದು ಏರು ಹತ್ತುವಾಗ ತಟ್ಟೆ ಝಣಝಣ ಸದ್ದು ಮಾಡುತ್ತದೆ. ಆ ಸದ್ದು ಗೇಟಿನ ಹತ್ತಿರ ಬರುವಾಗಲೇ ದೊಡ್ಡಮ್ಮ ಒಲೆಯ ಮೇಲೆ ರೊಟ್ಟಿಯ ಹೆಂಚು ಇಡುತ್ತಾರೆ.

ಮೇ ತಿಂಗಳಲ್ಲಿ, ಮೊದಲ ಮಳೆ ಹಿಡಿಯುವ ಮುಂಚೆ, ವಾರ್ಷಿಕ ತಪಾಸಣೆ. ದೊಡ್ಡಪ್ಪ ಗೇಟಿನಿಂದ ಮನೆಯವರೆಗೆ ಕುಕ್ಕರಗಾಲಲ್ಲಿ ಬರುತ್ತಾರೆ. ಒಂದು ಕೈಯಲ್ಲಿ ಕಡ್ಡಿಪೊರಕೆ, ಇನ್ನೊಂದರಲ್ಲಿ ಬಿಸಿ ಟಾರು ತುಂಬಿದ ಹಳೆಯ ಅಲ್ಯೂಮಿನಿಯಂ ಕೆಟಲ್. ಬಿರುಕು ಸಿಕ್ಕಿದಲ್ಲಿ ಗುಡಿಸಿ, ಊದಿ, ಮಗುವಿನ ಕಿವಿಗೆ ಎಣ್ಣೆ ಬಿಡುವ ಹದದಲ್ಲಿ ಟಾರು ಬಿಡುತ್ತಾರೆ. ಮೇಲೆ ಒಂದು ಚಿಟಿಕೆ ಮರಳು. ನಡುನಡುವೆ ಅಂಗೈಯಿಟ್ಟು ಬಿಸಿ ನೋಡುತ್ತಾರೆ. “ನಂಗೆ ಜ್ವರ ಬಂದಾಗ ನನ್ನ ಹಣೆ ಇಷ್ಟು ಸಲ ಮುಟ್ಟಿದ್ದು ನಂಗೆ ನೆನಪಿಲ್ಲ ಮಾರಾಯ್ರೆ” ಎಂದು ದೊಡ್ಡಮ್ಮ ಜಗಲಿಯಿಂದಲೇ ಹೇಳುತ್ತಾರೆ. ದೊಡ್ಡಪ್ಪ ತಲೆಯೆತ್ತದೆ, “ನಿಂಗೆ ಡಾಕ್ಟ್ರಿದಾರೆ” ಎನ್ನುತ್ತಾರೆ.

ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹೊದ್ದು, ಗುದ್ದಲಿ ಹಿಡಿದು ಕಾವಲು. ಟಾರಿಗೆ ನೀರು ನಿಂತರಾಗದು. ಎರಡೂ ಕಡೆಯ ಚರಂಡಿಯಲ್ಲಿ ಒಂದು ಎಲೆ ಅಡ್ಡ ಕೂತರೂ ದೊಡ್ಡಪ್ಪನಿಗೆ ಹೇಗೋ ಗೊತ್ತಾಗುತ್ತದೆ. ಊಟದ ನಡುವೆ ಕೈಯನ್ನು ಗಾಳಿಯಲ್ಲಿ ನಿಲ್ಲಿಸಿ, ಹೊರಗಿನ ನೀರಿನ ಸದ್ದು ಆಲಿಸಿ, “ಮೋರಿ ಹತ್ರ ಎಂತದೋ ಸಿಕ್ಕಿದೆ” ಎಂದು ಎದ್ದುಬಿಡುತ್ತಾರೆ. ಹೋಗಿ ನೋಡಿದರೆ ನಿಜವಾಗಿಯೂ ಸಿಕ್ಕಿರುತ್ತದೆ! ಇದೇ ಕಿವಿಗೆ ದೊಡ್ಡಮ್ಮ ಪಕ್ಕದಲ್ಲೇ ನಿಂತು ಮೂರು ಸಲ ಕರೆದರೂ ಕೇಳಿಸುವುದಿಲ್ಲ.

ಆದರೆ ಎಣ್ಣೆ, ನೀರು, ಸ್ಟ್ಯಾಂಡು ಇವೆಲ್ಲ ದೊಡ್ಡಪ್ಪನ ಸಣ್ಣ ಪುಟ್ಟ ಶತ್ರುಗಳು. ಪರಮ ಶತ್ರು ಎಂದರೆ ಬೇರು. ಚರಂಡಿಯ ಆಚೆ ಒಂದು ಭಾರಿ ಸಿಲ್ವರ್ ಓಕ್ ಮರ ಇತ್ತು. ಅದರ ಬೇರು ಹೇಗೋ ನುಸುಳಿ ಬಂದು, ಚಾಪೆಯ ಕೆಳಗೆ ಇಲಿ ಹೊಕ್ಕ ಹಾಗೆ ಟಾರನ್ನು ಎತ್ತಿಬಿಟ್ಟಿತು. ದೊಡ್ಡಪ್ಪ ಆ ಉಬ್ಬಿನ ಮುಂದೆ ಕೂತು ಅದರ ಉದ್ದಗಲವನ್ನು ಗೇಣು ಹಾಕಿ ಅಳೆದರು. ಮಾರನೆಯ ವಾರ ಮರ ಇರಲಿಲ್ಲ. ಅಪ್ಪ, ಇಷ್ಟಕ್ಕೆ ಅಂಥ ಮರ ಕಡಿಯಬೇಕಿತ್ತೇ ಎಂದು ಗೊಣಗಿದಾಗ ದೊಡ್ಡಪ್ಪ, “ಮಳೆ ಹೇಳಿ ಬರುತ್ತೆ, ಬಿಸಿಲು ಹೇಳಿ ಬರುತ್ತೆ. ಬೇರು ಯಾವತ್ತಾದ್ರೂ ಬಾಗಿಲು ತಟ್ಟಿದೆಯಾ?” ಎಂದರು. ಅಂದಿನಿಂದ ಟಾರಿನ ಅಂಚಿನಲ್ಲಿ ಒಂದು ಗರಿಕೆ ತಲೆಯೆತ್ತಿದರೂ ಸಾಕು, ದೊಡ್ಡಮ್ಮನ ಹಳೆಯ ಹೆಣಿಗೆಯ ಕಡ್ಡಿ ಹಿಡಿದು ಅದರ ಬುಡದವರೆಗೆ ಬೆನ್ನಟ್ಟುತ್ತಾರೆ. ಗಣೇಶನ ಹಬ್ಬಕ್ಕೆ ನಾವು ಗರಿಕೆ ಹುಡುಕಿಕೊಂಡು ಪಕ್ಕದ ತೋಟಕ್ಕೆ ಹೋಗುತ್ತೇವೆ!

ಇಂಥ ಮನೆಗೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಆಲ್ದೂರಿನ ಕಡೆಯವರು, ಅವರದೂ ಕಾಫಿಯೇ. ಕಾರು ಮೆಟ್ಟಿಲ ಬುಡಕ್ಕೆ ಬಂದು ನಿಂತಿತು. ಅಪ್ಪ ಕೈಮುಗಿದುಕೊಂಡು ಮುಂದೆ ಹೋದರು. ಹಿರಿಯರಾದ ದೊಡ್ಡಪ್ಪ ಎಲ್ಲರಿಗಿಂತ ಮೊದಲು ಸ್ವಾಗತಿಸಬೇಕಿತ್ತಲ್ಲ, ಅವರೆಲ್ಲಿ? ಕಾರಿನ ಕೆಳಗೆ! ಹೊಸ ಬಿಳಿ ಪಂಚೆಯಲ್ಲಿ ಟಾರಿನ ಮೇಲೆ ಮಲಗಿ, ಕತ್ತು ಓರೆಮಾಡಿ, ಎಂಜಿನ್ನಿನ ತಳ ನೋಡುತ್ತಿದ್ದರು. ಕಾರಿನಿಂದ ಇಳಿಯಲು ಕಾಲು ಚಾಚಿದ ಗಂಡಿನ ತಾಯಿ ನೆಲದ ಮೇಲೆ ಮನುಷ್ಯರ ತಲೆ ಕಂಡು, ಚಾಚಿದ ಕಾಲನ್ನು ಹಾಗೇ ಒಳಗೆಳೆದುಕೊಂಡರು. ಗಂಡಿನ ತಂದೆ ಮಾತ್ರ ತಮ್ಮ ಹೊಸ ಕಾರಿನ ಬಗ್ಗೆ ಇಷ್ಟೊಂದು ಆಸ್ಥೆ ತೋರಿದವರು ಇದೇ ಮೊದಲು ಎಂದು ಬಹಳ ಸಂತೋಷಪಟ್ಟರು.

ಒಳಗೆ ಕಾಫಿ ಬಂತು. ಇಲ್ಲಿ ಒಂದು ವಿಷಯ ಹೇಳಬೇಕು. ಕಾಫಿಬೀಜದ ಸ್ವಭಾವ ನಮ್ಮ ಕಡೆ ಎಲ್ಲರಿಗೂ ಗೊತ್ತು; ಪಕ್ಕದಲ್ಲಿ ಏನಿಡುತ್ತೀರೋ ಅದರ ವಾಸನೆಯನ್ನು ಹೀರಿಕೊಂಡುಬಿಡುತ್ತದೆ. ಅದಕ್ಕೇ ಬೀಜವಿಟ್ಟ ಕೋಣೆಯಲ್ಲಿ ಗೊಬ್ಬರ, ಸೀಮೆಎಣ್ಣೆ ಏನನ್ನೂ ಇಡುವುದಿಲ್ಲ. ದೊಡ್ಡಪ್ಪನಿಗೂ ಇದು ಚೆನ್ನಾಗಿ ಗೊತ್ತು. ಆದರೆ ಆ ವರ್ಷ ಟಾರಿನ ಡ್ರಮ್ಮಿಗೆ ಥಂಡಿಯಾಗಬಾರದೆಂದು ಅದನ್ನು ಒಯ್ದು ಮನೆಬಳಕೆಯ ಬೀಜದ ಮೂಟೆಗಳ ನಡುವೆ ಬೆಚ್ಚಗೆ ಕೂರಿಸಿದ್ದರು. ಆ ವರ್ಷವೆಲ್ಲ ನಾವು ಕುಡಿದ ಕಾಫಿಯಲ್ಲಿ ಹೊಸದಾಗಿ ರಿಪೇರಿಯಾದ ರಸ್ತೆಯ ನೆನಪು ಬರುತ್ತಿತ್ತು. ನಮಗೆ ಅಭ್ಯಾಸವಾಗಿತ್ತು. ಗಂಡಿನ ತಂದೆ ರುಚಿ ನೋಡಿ ಕಾಫಿಯ ಜಾತಕ ಹೇಳುವವರು ಎಂದು ಹೆಸರಾದವರು. ಒಂದು ಗುಟುಕು ಬಾಯಿಯೊಳಗೆ ಸುತ್ತಾಡಿಸಿದರು. ಕಣ್ಣು ಮುಚ್ಚಿದರು. ನಾವೆಲ್ಲ ಉಸಿರು ಬಿಗಿಹಿಡಿದೆವು.

“ಒಂದು ಬೇರೆಯೇ ಘಮ ಇದೆಯಲ್ಲ ಇದ್ರಲ್ಲಿ. ತೋಟದ ಯಾವ ಭಾಗದ್ದು?” ಎಂದರು.

“ಗೇಟಿನ ಹತ್ರದ್ದು” ಎಂದರು ದೊಡ್ಡಪ್ಪ, ಮುಖದ ಒಂದು ಗೆರೆಯನ್ನೂ ಅಲುಗಿಸದೆ.

ಗಂಡಿನ ತಂದೆ ಎರಡನೆಯ ಲೋಟ ಕೇಳಿದರು. ದೊಡ್ಡಮ್ಮ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದರು.

ಈ ಗದ್ದಲದಲ್ಲಿ ಹುಡುಗ ಎದ್ದು ಹೊರಗೆ ಹೋದದ್ದನ್ನು ಯಾರೂ ಗಮನಿಸಲಿಲ್ಲ, ದೊಡ್ಡಪ್ಪನೊಬ್ಬರನ್ನು ಬಿಟ್ಟು. ಕಿಟಕಿಯಿಂದ ಅವರು ನೋಡುತ್ತಲೇ ಇದ್ದರು. ಹುಡುಗ ಬಗ್ಗಿ ಕಾರಿನ ಕೆಳಗೆ ಇಣುಕಿದ. ಹೊಸ ಕಾರಾದರೂ ಎಸಿಯಿಂದಲೋ ಎಲ್ಲಿಂದಲೋ ಒಂದೊಂದೇ ಹನಿ ಬೀಳುತ್ತಿತ್ತು. ಬೆರಳಲ್ಲಿ ಮುಟ್ಟಿ, ಮೂಸಿ, ಬರೀ ನೀರೆಂದು ಗೊತ್ತಾದರೂ ಕಾರನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ ಗೇಟಿನಾಚೆ ನಿಲ್ಲಿಸಿದ. ವಾಪಸು ನಡೆದು ಬಂದು, ಜೇಬಿನಿಂದ ಕರವಸ್ತ್ರ ತೆಗೆದು, ಹನಿ ಬಿದ್ದ ಜಾಗವನ್ನು ಒರೆಸಿದ. ದೊಡ್ಡಪ್ಪ ಕಿಟಕಿಯಿಂದ ತಿರುಗಿ, ತುಂಬಿದ ಸಭೆಯಲ್ಲಿ, “ಹುಡುಗ ಅಡ್ಡಿಲ್ಲ” ಎಂದು ಘೋಷಿಸಿಬಿಟ್ಟರು. ನನ್ನ ಅಭಿಪ್ರಾಯ ಕೇಳಿದ್ದು ಅದಾದ ಮೇಲೆ. ಅದೂ ‘ಅಡ್ಡಿಲ್ಲ’ ಎಂದೇ ಇತ್ತು; ನನ್ನ ಕಾರಣಗಳು ಬೇರೆ, ಅವು ಇಲ್ಲಿ ಬೇಡ.

ಮದುವೆಯನ್ನು ಮೂಡಿಗೆರೆಯ ಕಲ್ಯಾಣಮಂಟಪದಲ್ಲಿ ಎಂದು ನಿಶ್ಚಯಿಸಿದರು. ಆದರೆ ಮದುವೆ ಎಲ್ಲೇ ಆಗಲಿ, ನಮ್ಮಲ್ಲಿ ಹೆಣ್ಣಿನ ಮನೆಯ ಮುಂದೆ ಚಪ್ಪರ ಹಾಕಲೇಬೇಕು. ಚಪ್ಪರವೆಂದ ಮೇಲೆ ಹಾಲುಗಂಬ ನೆಡಲೇಬೇಕು. ಹಾಲುವಾಣದ ಹಸಿ ಗೂಟವೊಂದನ್ನು ತೋಟದಿಂದ ಕಡಿದು ತಂದು, ಅರಿಶಿನ ಹಚ್ಚಿ, ನವಧಾನ್ಯದ ಗಂಟು ಕಟ್ಟಿ, ಮನೆಯ ಹಿರಿಯರು ಬಾಗಿಲ ಮುಂದೆ ನೆಲದಲ್ಲಿ ಗುಂಡಿ ತೆಗೆದು ನೆಟ್ಟು ಹಾಲೆರೆಯುತ್ತಾರೆ. ಅದಾದ ಮೇಲೇ ಹುಡುಗಿ ಮದುಮಗಳು.

ನೆಲದಲ್ಲಿ! ನಮ್ಮ ಬಾಗಿಲ ಮುಂದೆ ನೆಲ ಎಲ್ಲಿದೆ?

ಮೊದಲ ಯುದ್ಧ ನಡೆದದ್ದು ಶಾಮಿಯಾನದವರ ಜೊತೆ. ಅವರು ಕಬ್ಬಿಣದ ಗೂಟಗಳನ್ನೂ ದೊಡ್ಡ ಸುತ್ತಿಗೆಯನ್ನೂ ಇಳಿಸುತ್ತಿದ್ದಂತೆಯೇ ದೊಡ್ಡಪ್ಪ ಅವುಗಳ ಮೇಲೆ ಕೂತುಬಿಟ್ಟರು. ಮಾತಿನಲ್ಲಿ ಬಹಳ ಮರ್ಯಾದೆಯಿತ್ತು. ಏಳಲು ಮಾತ್ರ ಒಪ್ಪಲಿಲ್ಲ. ಕಡೆಗೆ ಶಾಮಿಯಾನದ ಹಗ್ಗಗಳನ್ನು ಒಂದು ಕಡೆ ಜಗಲಿಯ ಕಂಬಗಳಿಗೆ, ಇನ್ನೊಂದು ಕಡೆ ಹಲಸಿನ ಮರಕ್ಕೆ, ಮೂರನೆಯ ಕಡೆ ಲಂಗೋಟಿ ಜೀಪಿಗೆ ಕಟ್ಟಿದ್ದಾಯಿತು. ಯಾರಾದರೂ ಮರೆತು ಜೀಪು ಹೊರಡಿಸಿದ್ದರೆ ನನ್ನ ಚಪ್ಪರ ಬಾಳೂರು ಪೇಟೆ ಸುತ್ತಿ ಬರುತ್ತಿತ್ತು.

ಹಾಲುಗಂಬಕ್ಕೆ ಉಪಾಯ ಹುಡುಕಿದವರು ದೊಡ್ಡಪ್ಪನೇ. ಮದುವೆಗೆಂದು ಗೋಡೆಗೆ ಬಳಿದು ಖಾಲಿಯಾದ ದೊಡ್ಡ ಬಣ್ಣದ ಡಬ್ಬಿಯೊಂದಿತ್ತು, ಅದಕ್ಕೆ ತೋಟದ ಮಣ್ಣು ತುಂಬಿ ಅದರಲ್ಲಿ ನಿಲ್ಲಿಸುವುದು. ಚಿಕ್ಕಮಗಳೂರಿನಲ್ಲಿ ಸಿಮೆಂಟಿನ ಅಂಗಳದವರೆಲ್ಲ ಹಾಗೇ ಮಾಡುತ್ತಾರಂತೆ. ಭಟ್ಟರನ್ನು ಫೋನಿನಲ್ಲಿ ಕೇಳಿದ್ದಕ್ಕೆ ಅವರೂ ಶಾಸ್ತ್ರಕ್ಕೆ ಬಾಧಕವಿಲ್ಲ ಎಂದರು. ಅಮ್ಮನ ಮುಖ ಮಾತ್ರ ಸಣ್ಣಗಾಯಿತು. ನನ್ನನ್ನು ಕೇಳಿದರು. ಡಬ್ಬಿಯೇ ಸಾಕು ಎಂದೆ. ದೊಡ್ಡಪ್ಪ ಒಮ್ಮೆ ನನ್ನ ಮುಖ ನೋಡಿ, ಕತ್ತು ತಿರುಗಿಸಿ ಟಾರಿನ ಕಡೆ ನೋಡಿದರು. ಅವರ ಅಷ್ಟು ವರ್ಷಗಳ ಕೆಲಸ, ಒಂದು ಕಲೆಯಿಲ್ಲದೆ, ಬಿಸಿಲಿಗೆ ಹೊಳೆಯುತ್ತ ಮಲಗಿತ್ತು. ಅದಕ್ಕೆ ಹಾರೆ ಹಾಕಿ ಎಂದು ಹೇಳುವ ಧೈರ್ಯ ಯಾರಿಗಿತ್ತು?

ಚಪ್ಪರದ ದಿನ ಬೆಳಿಗ್ಗೆ ಡಬ್ಬಿ ಸಿದ್ಧವಾಗಿ ನಿಂತಿತ್ತು. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಬಿಸಿಲು ಮಳೆಗೆ ಏಳು ವರ್ಷ ಗ್ಯಾರಂಟಿ’ ಎಂದು ಬರೆದಿತ್ತು. ಮದುವೆಗೂ ಅಷ್ಟೇ ಗ್ಯಾರಂಟಿ ಎಂದು ನೆಂಟರು ತಿಳಿದಾರೆಂದು ದೊಡ್ಡಮ್ಮ ಅದಕ್ಕೆ ಮಾವಿನೆಲೆ ಸುತ್ತಿದರು. ‘ಏಳು’ ಮುಚ್ಚಿದರೆ ‘ಗ್ಯಾರಂಟಿ’ ಕಾಣುತ್ತಿತ್ತು, ‘ಗ್ಯಾರಂಟಿ’ ಮುಚ್ಚಿದರೆ ‘ಏಳು’ ಇಣುಕುತ್ತಿತ್ತು. ಭಟ್ಟರು ಬಂದರು. ಹಾಲುವಾಣದ ಗೂಟಕ್ಕೆ ಅರಿಶಿನ ಹಚ್ಚಿದ್ದಾಯಿತು. ಅಪ್ಪ ಅದನ್ನು ಡಬ್ಬಿಯಲ್ಲಿ ನಿಲ್ಲಿಸಿದರು. ಅದು ಬಲಕ್ಕೆ ವಾಲಿತು. ನೇರ ಮಾಡಿದರು, ಎಡಕ್ಕೆ ವಾಲಿತು. ಒಂದು ಕಡೆ ಕಲ್ಲು ಕೊಟ್ಟರು. ಈಗ ಡಬ್ಬಿಯೇ ವಾಲಿತು! ಮಕ್ಕಳು ಕಿಸಕ್ಕೆಂದವು. ಭಟ್ಟರು, ಒಬ್ಬರು ಹಿಡಿದುಕೊಂಡಿದ್ದರೆ ಆಯಿತು, ಮಂತ್ರ ಮುಗಿದ ಮೇಲೆ ತೆಗೆದು ಪಕ್ಕಕ್ಕಿಟ್ಟರೂ ನಡೆಯುತ್ತದೆ ಎಂದರು.

ಅಷ್ಟು ಹೊತ್ತಿಗೆ ದೊಡ್ಡಪ್ಪ ಅಲ್ಲಿರಲಿಲ್ಲ. ನೆಂಟರ ಕಾರುಗಳ ತಳ ನೋಡಲು ಹೋಗಿರಬೇಕೆಂದು ಎಲ್ಲರೂ ಅಂದುಕೊಂಡೆವು. ಅವರು ಕೊಟ್ಟಿಗೆಯ ಕಡೆಯಿಂದ ಬಂದರು. ಹೆಗಲ ಮೇಲೆ ಹಾರೆ ಇತ್ತು. ದೊಡ್ಡಮ್ಮನ ರಂಗೋಲಿ ಬಟ್ಟಲಿನಿಂದ ಒಂದು ಹಿಡಿ ತೆಗೆದುಕೊಂಡು, ಬಾಗಿಲ ಮುಂದೆ, ಟಾರಿನ ಮೇಲೆ ಒಂದು ಸಣ್ಣ ವೃತ್ತ ಬರೆದರು. ಪಂಚೆ ಎತ್ತಿಕಟ್ಟಿದರು. ಹಾರೆ ಎತ್ತಿದರು.

ಭಟ್ಟರಿಗೆ ಗಾಬರಿಯಾಯಿತು. ಡಬ್ಬಿ ಇದೆಯಲ್ಲ, ಶಾಸ್ತ್ರಕ್ಕೆ ಅಷ್ಟು ಸಾಕೆಂದು ಆಗಲೇ ಹೇಳಿದೆನಲ್ಲ ಎಂದರು.

“ಡಬ್ಬೀಲಿ ನಿಲ್ಸಿ ಪಕ್ಕಕ್ಕೆ ಇಡೋಕೆ ಇವಳೇನು ನೆಂಟರ ಮನೆ ಹುಡುಗಿಯಾ?” ಎಂದರು ದೊಡ್ಡಪ್ಪ. “ನೀವು ಮಂತ್ರ ಹೇಳಿ ಭಟ್ರೆ.”

ಹಾರೆ ಬಿತ್ತು. ಠಣ್ ಎಂದು ಅಷ್ಟೇ ವೇಗದಲ್ಲಿ ವಾಪಸು ಎದ್ದಿತು. ಟಾರಿಗೆ ಏನೂ ಆಗಿರಲಿಲ್ಲ! ಆಗುವುದಾದರೂ ಹೇಗೆ? ಒಂದು ಬಿರುಕನ್ನೂ ಬೆಳೆಯಬಿಡದೆ, ಒಂದು ಹನಿ ನೀರು ಇಳಿಯಬಿಡದೆ ಸಾಕಿದ ಮೈ ಅದು. ಇನ್ನೊಂದು ಏಟು. ಮತ್ತೂ ಒಂದು. ಶಾಮಿಯಾನದವರು ಸಹಾಯಕ್ಕೆ ಬಂದರು, ಅಪ್ಪ ಬಂದರು, ಮದುಮಗನ ಕಡೆಯಿಂದ ಸೀರೆ ತಂದಿದ್ದ ಯಾರೋ ಬಂದರು. ದೊಡ್ಡಪ್ಪ ಹಾರೆಯನ್ನು ಯಾರಿಗೂ ಕೊಡಲಿಲ್ಲ. ಮುಖ ಕೆಂಪಾಗಿ, ಬೆವರು ಗಲ್ಲದಿಂದ ಇಳಿದು, ಪ್ರತಿ ಏಟಿಗೂ ತಮಗೇ ಬಿದ್ದವರಂತೆ ಹಲ್ಲು ಕಚ್ಚುತ್ತ ಹೊಡೆದರು. ಭಟ್ಟರು ಹೇಳಬೇಕಾದ ಮಂತ್ರವೆಲ್ಲ ಮುಗಿದು, ಮತ್ತೆ ಮೊದಲಿನಿಂದ ಶುರುಮಾಡಿದರು. ಕಡೆಗೆ ಒಂದು ಕರೀ ಹೆಂಟೆ ಕಳಚಿ ಬಂತು. ಅದರ ಕೆಳಗೆ ಹಳೆಯ ದಾರಿಯ ಕೆಂಪು ಮಣ್ಣು, ತಣ್ಣಗೆ, ಇನ್ನೂ ಹಾಗೇ ಇತ್ತು. ದೊಡ್ಡಮ್ಮ ಅದನ್ನೊಂದು ಚಿಟಿಕೆ ತೆಗೆದುಕೊಂಡು ಬೆರಳಲ್ಲಿ ಉಜ್ಜಿ ನೋಡಿ, “ಅಯ್ಯ, ಇದು ಇನ್ನೂ ಇಲ್ಲೇ ಇತ್ತಾ” ಎಂದರು. ತಾವು ಕೆಸರುಗಾಲಲ್ಲಿ ಹೊತ್ತು ತಂದ ಮಣ್ಣಲ್ಲವೇ!

ಗೂಟ ನೆಟ್ಟಗೆ ನಿಂತಿತು. ಹಾಲೆರೆದ ದೊಡ್ಡಪ್ಪ ತಲೆಯೆತ್ತದೆ ಗೂಟದ ಬುಡದ ಮಣ್ಣನ್ನು ತಟ್ಟುತ್ತಲೇ ಇದ್ದರು. ಕಂಬ ಅಲುಗಬಾರದಲ್ಲ ಎಂದು ಅವರೇ ಹೇಳಿದರು. ನಾವು ನಂಬಿದೆವು.

ಮದುವೆ ಆಯಿತು. ಶಾಮಿಯಾನ ಬಿಚ್ಚಿದರು, ಜೀಪಿಗೆ ಬಿಡುಗಡೆಯಾಯಿತು. ನೆಂಟರ ಊಟಗಳೆಲ್ಲ ಮುಗಿದ ಮೇಲೆ ಹಾಲುಗಂಬವನ್ನು ಕಿತ್ತು ಹೊಳೆಗೆ ಬಿಡುವುದು ಪದ್ಧತಿ. ನಾನು ಗಂಡನ ಮನೆಗೆ ಹೊರಟಾಗ ದೊಡ್ಡಪ್ಪ ಆ ತೂತು ಮುಚ್ಚಲು ಬೇಕಾದ ಜಲ್ಲಿ, ಟಾರು, ಮರಳು ಎಲ್ಲವನ್ನೂ ಜಗಲಿಯ ಮೇಲೆ ಜೋಡಿಸಿಟ್ಟಿದ್ದರು. ಇವತ್ತು ನಾಳೆ ಎನ್ನುವಷ್ಟರಲ್ಲಿ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ದೊಡ್ಡಮ್ಮನ ಫೋನು ಬಂತು.

“ಪುಟ್ಟೀ, ನಿನ್ನ ಕಂಬ ಚಿಗುರಿದೆ.”

ಹಾಲುವಾಣವೆಂದರೆ ಹಾಗೇ. ನಮ್ಮ ಕಡೆ ಕಾಫಿಗಿಡಕ್ಕೆ ನೆರಳಿಗೆ, ಮೆಣಸಿನಬಳ್ಳಿಗೆ ಆಸರೆಗೆ ಅದನ್ನೇ ನೆಡುತ್ತಾರೆ. ಗೂಟ ಹೊಡೆದು ಮರೆತುಬಿಟ್ಟರೆ ಸಾಕು, ಬೇರು ಬಿಟ್ಟು ಮರವಾಗಿಬಿಡುತ್ತದೆ. ಇದು ಗೊತ್ತಿಲ್ಲದ ಕಾಫಿ ಬೆಳೆಗಾರ ಇಡೀ ತಾಲ್ಲೂಕಿನಲ್ಲಿ ಸಿಕ್ಕಲಾರ. ಆದರೂ ಶಾಸ್ತ್ರದ ಗಡಿಬಿಡಿಯಲ್ಲಿ ಒಬ್ಬರಿಗೂ ನೆನಪಾಗಿರಲಿಲ್ಲ! ಬೇರಿನ ಪರಮ ಶತ್ರು ತಮ್ಮ ಕೈಯಾರೆ, 
ಮಂತ್ರಪೂರ್ವಕವಾಗಿ, ಹಾಲೆರೆದು, ತಮ್ಮ ಟಾರಿನ ನಟ್ಟನಡುವೆ ಒಂದು ಮರ ನೆಟ್ಟಿದ್ದರು.

“ದೊಡ್ಡಪ್ಪ ಏನಂದ್ರು?” ಎಂದೆ.

“ಬೆಳಿಗ್ಗೆಯಿಂದ ಅದರ ಸುತ್ತ ಸುತ್ತು ಹಾಕ್ತಿದಾರೆ. ಹಾರೆ ಕೈಯಲ್ಲೇ ಇದೆ.”

ನನಗೆ ಆ ಸಿಲ್ವರ್ ಓಕ್ ನೆನಪಾಯಿತು. ಮತ್ತೆ ಫೋನು ಮಾಡಿ ಕೇಳಲು ಧೈರ್ಯ ಬರಲಿಲ್ಲ. ಕಿತ್ತಿದ್ದರೂ ತಪ್ಪಲ್ಲ, ಕೀಳುವುದೇ ಪದ್ಧತಿ ಎಂದು ನನಗೆ ನಾನೇ ಹೇಳಿಕೊಂಡೆ.

ಆಷಾಢಕ್ಕೆ ತವರಿಗೆ ಹೊರಟೆ. ನನ್ನವರು ಬೈಕಿನಲ್ಲಿ ಕರೆದುಕೊಂಡು ಬಂದರು. ಗೇಟಿನಲ್ಲಿ ನಿಂತು, ಯಾರೂ ಹೇಳದೆಯೇ, ಹಲಗೆ ತುಂಡೊಂದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ತಿರುವು ದಾಟಿದಾಗ ನೋಡಿದೆ. ಮನೆಯ ಬಾಗಿಲ ಮುಂದೆ ಗೂಟ ಅಲ್ಲೇ ನಿಂತಿತ್ತು. ಅದರ ತಲೆಯ ಮೇಲೆ ಎಳೆ ಹಸಿರು ಎಲೆಗಳು ಮಳೆನೀರು ಕೊಡವಿಕೊಳ್ಳುತ್ತಿದ್ದವು. ಪಕ್ಕದಲ್ಲಿ ದೊಡ್ಡಪ್ಪ ಕಂಬಳಿಕೊಪ್ಪೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಮಳೆ ಸ್ವಲ್ಪ ಹೊಳವಾಗಿತ್ತು. ಹತ್ತಿರ ಹೋಗಿ ನೋಡಿದರೆ, ತೂತು ಮುಚ್ಚಿರಲಿಲ್ಲ. ಅಂದು ತಟ್ಟೆಯಷ್ಟಿದ್ದದ್ದು ಈಗ ಹರಿವಾಣದಷ್ಟಾಗಿತ್ತು! ಗೂಟದ ಸುತ್ತ ಟಾರನ್ನು ಅವರೇ ಒಡೆದು ತೆಗೆದು, ಕೆಂಪು ಮಣ್ಣನ್ನು ಅಗೆದು ಸಡಿಲ ಮಾಡಿ, ಒಡೆದ ಅಂಚಿಗೆ ನೀರು ನುಗ್ಗದ ಹಾಗೆ ಕೆಟಲ್ಲಿನಿಂದ ಬಿಸಿ ಟಾರು ಬಿಡುತ್ತಿದ್ದರು. ಕಿವಿಗೆ ಎಣ್ಣೆ ಬಿಡುವ ಅದೇ ಹದ. ಜೀಪು ಅದನ್ನು ಮುಟ್ಟದಿರಲೆಂದು ಸುತ್ತ ನಾಲ್ಕು ಕಲ್ಲು ನೆಟ್ಟಿದ್ದರು. ಬೆಳಿಗ್ಗೆ ದೊಡ್ಡಮ್ಮ ಇಟ್ಟ ರಂಗೋಲಿ ಅರ್ಧ ತೊಳೆದುಹೋಗಿ, ಉಳಿದರ್ಧ ಅಲ್ಲೇ ಇತ್ತು.

ಬಿಟ್ಟ ಮಳೆ ಮತ್ತೆ ಶುರುವಾಯಿತು. ನಾನು ಕೊಡೆ ಬಿಚ್ಚಿ ಅವರ ತಲೆಯ ಮೇಲೆ ಹಿಡಿದೆ.

“ನಂಗಲ್ಲ, ಟಾರಿಗೆ ಹಿಡಿ” ಎಂದರು. ಹಿಡಿದೆ.

“ದೊಡ್ಡಪ್ಪ, ಇದರ ಬೇರು ಆಮೇಲೆ ಎಲ್ಲಾ ಎತ್ತಿಬಿಡುತ್ತಲ್ಲ” ಎಂದೆ.

ಅವರು ಕೆಟಲ್ ಕೆಳಗಿಟ್ಟು, ಅಂಚಿನ ಟಾರಿನ ಮೇಲೆ ಅಂಗೈಯಿಟ್ಟು ಬಿಸಿ ನೋಡಿದರು. ಹಾಗೇ ಆ ಕೈಯನ್ನು ಸರಿಸಿ, ಗೂಟದ ಹಸಿ ತೊಗಟೆಯ ಮೇಲೂ ಒಂದು ಗಳಿಗೆ ಇಟ್ಟರು.

“ಎತ್ತಲಿ ಬಿಡು” ಎಂದರು. “ನೀನು ಬರ್ತಾ ಇರು. ದಾರಿ ನಾನು ನೋಡ್ಕೊಳ್ತೀನಿ.”